ಬ್ರೇಕ್ ಬಿಡದ ಕಾಲು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರೆಂದರೆ ಕಲಿಯಲು ಬರುವವರಿಗೆಲ್ಲ ಅಚ್ಚುಮೆಚ್ಚು. ಹೊಸಬರು ಕಾರನ್ನು ಕಪ್ಪೆಯಂತೆ ಕುಣಿಸಿದರೂ ಗದರುವವರಲ್ಲ. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ಮೆಲ್ಲಗೆ ಒತ್ತಿ, ಏನೋ ಒಂದು ಹೇಳಿ ನಗಿಸಿಬಿಡುತ್ತಿದ್ದರು.

ಒಂದು ಬೆಳಗ್ಗೆ ನಾಲ್ಕು ರಸ್ತೆ ಕೂಡುವಲ್ಲಿ ಲಾರಿಯೊಂದು ಅಡ್ಡ ನುಗ್ಗಿತು. ಸ್ಟೀರಿಂಗ್ ಹಿಡಿದಿದ್ದ ಹುಡುಗಿ ಕಲ್ಲಾಗಿ ಕೂತುಬಿಟ್ಟಳು. ಮೇಷ್ಟ್ರು ಬ್ರೇಕ್ ತುಳಿದರು. ಕಾರು ಲಾರಿಯಿಂದ ಗೇಣು ದೂರದಲ್ಲಿ ನಿಂತಿತು. ಯಾರಿಗೂ ತರಚಿದ ಗಾಯವೂ ಇಲ್ಲ. ಹುಡುಗಿ ಮಾತ್ರ ಮಾರನೆಯ ದಿನದಿಂದ ಇತ್ತ ತಲೆ ಹಾಕಲಿಲ್ಲ.

ಮೇಷ್ಟ್ರ ಕಾಲು ಆ ಬ್ರೇಕಿನಿಂದ ಇಳಿಯಲೇ ಇಲ್ಲ! ಸೋಫಾದಲ್ಲಿ ಕೂತರೂ ತೊಡೆ ಬಿಗಿ. ಬಾಗಿಲು ಬಡಿದುಕೊಂಡರೆ ಸಾಕು, ಪಾದ ಧಡ್ಡನೆ ನೆಲಕ್ಕೆ. ಕಲಿಯುವವರ ಮೇಲೆ ಎಗರಾಡಿದರು, ಮನೆಯಲ್ಲಿ ಮಗಳ ಮೇಲೆ ಸಿಡುಕಿದರು.

"ದೇಹದ ಮೂಲಕಾನೇ ಮನಸ್ಸಿಗೆ ಚಿಕಿತ್ಸೆ ಕೊಡೋರು ಒಬ್ರಿದ್ದಾರಂತೆ, ಹೋಗಿ ಬನ್ನಿ," ಎಂದರು ಹೆಂಡತಿ.

"ನನಗೇನು ತಲೆ ಕೆಟ್ಟಿದೆಯೇನೇ?"

"ತಲೆ ನೆಟ್ಟಗಿದೆ ರೀ. ಕಾಲು ಕೆಟ್ಟಿರೋದು."

ಔಷಧದ ಅಂಗಡಿಯ ಮೇಲಿನ ಪುಟ್ಟ ಕೋಣೆ. ನರೆಗೂದಲಿನ ಥೆರಪಿಸ್ಟ್ ಅಮ್ಮ ಎದುರು ಕೂತರು. ಮೇಷ್ಟ್ರು ಲಾರಿಯ ಕಥೆ ಶುರುಮಾಡಿದರೆ ಆಕೆ ತಡೆದರು.

"ಕಥೆ ಆಮೇಲೆ ಕೇಳ್ತೀನಿ. ಈಗ ನಿಮ್ಮ ಕಾಲು ಏನು ಅಂತಿದೆ?"

ಇದೆಂಥ ಪ್ರಶ್ನೆ ಎಂದುಕೊಂಡರೂ ಮೇಷ್ಟ್ರು, "ಒತ್ತು ಒತ್ತು ಅಂತಿದೆ," ಎಂದರು.

"ಹಾಗಾದ್ರೆ ಒತ್ತಿ. ಆದರೆ ನಿಧಾನಕ್ಕೆ."

ಗೋಡೆಗೆ ದಿಂಬು ಆನಿಸಿ, ಮೇಷ್ಟ್ರು ಪಾದ ಊರಿ ಒತ್ತಿದರು. ಒತ್ತುತ್ತಿದ್ದಂತೆ ತೊಡೆ ಗಡಗಡ ನಡುಗತೊಡಗಿತು. ಅವರಿಗೆ ಗಾಬರಿ.

"ನಡುಗಲಿ ಬಿಡಿ. ಆವತ್ತು ನಡುಗೋಕೆ ಪುರುಸೊತ್ತು ಸಿಗಲಿಲ್ಲ ಅಲ್ವಾ?"

ಮೇಷ್ಟ್ರ ಕಣ್ಣು ತುಂಬಿ ಬಂತು. ಆಮೇಲೆ ಆಕಳಿಕೆ, ಒಂದರ ಬೆನ್ನಿಗೆ ಇನ್ನೊಂದು. ಮನೆಗೆ ಬಂದವರೇ ಚಪ್ಪಲಿ ಕೂಡ ಕಳಚದೆ ಸೋಫಾದಲ್ಲಿ ಗೊರಕೆ ಹೊಡೆದರು.

ಒಂದೇ ಸಲಕ್ಕೆ ಎಲ್ಲ ಸರಿಹೋಗಲಿಲ್ಲ. ವಾರ ವಾರ ಹೋಗಿ, ಸಿಟ್ಟು ಏರುವ ಮುಂಚೆ ದವಡೆ ಬಿಗಿಯುವುದನ್ನು ಗುರುತಿಸಲು, ಉಸಿರನ್ನು ಉದ್ದಕ್ಕೆ ಬಿಡಲು ಕಲಿತರು. ಮನೆಯ ಗಲಾಟೆ ತಗ್ಗಿತು.

ಹಗುರಾದ ಮೇಲೆ ಆ ಹುಡುಗಿಗೆ ಫೋನ್ ಮಾಡಿ ಕರೆಸಿಕೊಂಡರು. ಮೊದಲ ದಿನ ಎಂಜಿನ್ ಚಾಲೂ ಮಾಡಿಸಲೇ ಇಲ್ಲ.

"ಭುಜ ಕಿವಿವರೆಗೂ ಏರಿದೆ ನೋಡಮ್ಮ. ಇಳಿಸು."

"ಸರ್, ಆವತ್ತು ನಿಮಗೂ ಭಯ ಆಗಿತ್ತಾ?"

"ಜೀವ ಬಾಯಿಗೆ ಬಂದಿತ್ತು ಕಣಮ್ಮ!"

ಇಬ್ಬರೂ ನಕ್ಕರು. ಮುಂದಿನ ವಾರ ಆಕೆ ಅದೇ ರಸ್ತೆಯಲ್ಲಿ ಕಾರು ಓಡಿಸಿದಳು. ಮೇಷ್ಟ್ರು ಪಕ್ಕದಲ್ಲಿ ಕೂತು ಕಿಟಕಿಯಾಚೆ ಅಂಗಡಿಗಳನ್ನು ನೋಡುತ್ತ ಹೋದರು.