ಅರ್ಧ ತಂತಿಯ ಲೆಕ್ಕ

ಮೊನ್ನೆ ಮಾಲ್‌ನಲ್ಲಿ ಒಬ್ಬ ಬಟ್ಟಲಿಗೆ ದ್ರವ ನೈಟ್ರೋಜನ್ ಸುರಿದು ಐಸ್‌ಕ್ರೀಮ್ ಮಾಡುತ್ತಿದ್ದ. ಬಿಳಿ ಹೊಗೆ ಮೇಜಿನಿಂದ ಕೆಳಗಿಳಿಯಿತು. "ಮಮ್ಮಾ, ಲುಕ್, ಸ್ಮೋಕ್!" ಎಂದು ಮಗಳು ಕುಣಿದಳು. ನನಗೆ ಮಾತ್ರ ಸರ್ ನೆನಪಾದರು.

ಅವರು ಇಲ್ಲಿ ದುಬೈನಲ್ಲಿ ನನ್ನ ಮೊದಲ ಮೇಲಧಿಕಾರಿ, ಉಡುಪಿ ಕಡೆಯವರು. ನಮ್ಮ ಕೆಲಸ ಅತಿವಾಹಕ ತಂತಿಗಳದ್ದು. ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿಟ್ಟರೆ ಆ ತಂತಿ ವಿದ್ಯುತ್ತನ್ನು ನಷ್ಟವಿಲ್ಲದೆ ಸಾಗಿಸುತ್ತದೆ ಎನ್ನುತ್ತಾರೆ. ಆದರೆ ಎಸಿ ಕರೆಂಟ್ ಹರಿಸಿದರೆ ಒಂದಿಷ್ಟು ಶಾಖವಾಗಿ ಸೋರಿಯೇ ಸೋರುತ್ತದೆ. ಎಷ್ಟು ಸೋರುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಬೇಕು. ತಂಪು ಮಾಡುವ ಯಂತ್ರದ ಗಾತ್ರ ಅದರ ಮೇಲೆ ನಿಂತಿತ್ತು. ತಂತಿಯ ಎಡ, ಬಲ ಎರಡೂ ಒಂದೇ ಆದ್ದರಿಂದ ಸಮಯ ಉಳಿಸಲು ಅರ್ಧದ ಮಾದರಿಯನ್ನಷ್ಟೇ ಮಾಡಿ, ಕೊನೆಗೆ ಎರಡರಿಂದ ಗುಣಿಸುವುದು ರೂಢಿ.

"ಕಂಪ್ಯೂಟರ್ ಎಂತ ಹೇಳಿದ್ರೂ ಒಮ್ಮೆ ಕೈಲೆಕ್ಕ ಮಾಡ್ಬೇಕು ಮಾರಾಯ್ತಿ. ಆಯ್ತಾ?" ಎಂದು ನನ್ನ ವರದಿ ಕೈಗೆ ತೆಗೆದುಕೊಳ್ಳುತ್ತಾ ಸರ್ ಕೇಳಿದ್ದರು. ನಾನು ಮಹಾ ಜಾಣೆ, ಮಾಡದೆಯೇ "ಆಯ್ತು ಸರ್" ಎಂದಿದ್ದೆ. ಅವರು ನಂಬಿದರು.

ಅಬುಧಾಬಿಯ ಖಾಲಿದಿಯಾ ಬಡಾವಣೆಯಲ್ಲಿದ್ದ ಗ್ರಾಹಕರ ಕಚೇರಿಯಲ್ಲಿ ಯಂತ್ರದ ಆರ್ಡರಿಗೆ ಸಹಿ ಬೀಳಬೇಕಿದ್ದ ಬೆಳಿಗ್ಗೆ, ದುಬೈನಿಂದ ಅವರ ಕಾರಿನಲ್ಲೇ ಹೊರಟೆವು. ದಾರಿಯಲ್ಲಿ ಲ್ಯಾಪ್‌ಟಾಪ್ ತೆರೆದು ಲೆಕ್ಕವನ್ನು ಮತ್ತೊಮ್ಮೆ ನೋಡಿದೆ. ನಾನು ಗುಣಿಸಿಯೇ ಇರಲಿಲ್ಲ! ವರದಿಯಲ್ಲಿದ್ದದ್ದು ಅರ್ಧ ನಷ್ಟ. ಆ ಗಾತ್ರದ ಯಂತ್ರ ಬಂದರೆ ತಂತಿ ಬಿಸಿಯಾಗಿ ಪ್ರಯೋಗವೇ ಹಾಳು. ಹೇಳೋಣವೆಂದರೆ ನನ್ನ ಪ್ರೊಬೇಷನ್ ಮುಗಿಯಲು ನಾಲ್ಕೇ ದಿನ ಉಳಿದಿತ್ತು. ಕೆಲಸ ಹೋದರೆ ವೀಸಾನೂ ಖಲಾಸ್. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಬುಧಾಬಿ ಬಂದೇಬಿಟ್ಟಿತು. ನಾನು ಹೇಳಲಿಲ್ಲ.

ಗ್ರಾಹಕರು ಪೆನ್ನಿನ ಮುಚ್ಚಳ ತೆಗೆದಿದ್ದರು. ಅಭ್ಯಾಸಬಲದಿಂದ ವರದಿಯ ಅಂಚಿನಲ್ಲಿ ಕೈಲೆಕ್ಕ ಗೀಚುತ್ತಿದ್ದ ಸರ್ ಥಟ್ಟನೆ ನಿಲ್ಲಿಸಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರಿಗೆ ಅಷ್ಟು ಸಾಕಾಯಿತು.

"ಸಹಿ ಹಾಕಬೇಡಿ. ನಷ್ಟ ಇದರ ಎರಡರಷ್ಟು. ತಪ್ಪು ನನ್ನದು" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ವಾಪಸ್ ಬರುವಾಗ ಸರ್ ರಸ್ತೆ ನೋಡುತ್ತಲೇ, "ಗುಣಿಸ್ಲಿಕ್ಕೆ ಮರೆಯುವುದು ಯಾರಿಗೂ ಆಗ್ತದೆ. ಆದ್ರೆ ಬೆಳಿಗ್ಗೆ ಬರುವಾಗ್ಲೇ ನಿಂಗೆ ಗೊತ್ತಿತ್ತಲ್ಲಾ?" ಎಂದರು.

ನನ್ನ ಕೆಲಸ ಖಾಯಂ ಆಯಿತು. ಅವರ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ, ಊರಿಗೆ ಹೊರಟುಹೋದರು. ಬೀಳ್ಕೊಡಲು ಹೋಗುವ ಮುಖ ನನಗಿರಲಿಲ್ಲ.

ಮೊನ್ನೆ ಮಾಲ್‌ನಿಂದ ಡಿಸ್ಕವರಿ ಗಾರ್ಡನ್ಸ್‌ನ ಮನೆಗೆ ಮರಳಿದ ಮೇಲೆ, ಇಷ್ಟು ವರ್ಷ ಆಗದ ಧೈರ್ಯ ಮಾಡಿ ಸರ್ ಅವರ ಊರಿನ ನಂಬರಿಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ಸರ್ ತೀರಿಕೊಂಡು ಎಂಟು ತಿಂಗಳಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅವರೇ ನನ್ನನ್ನು ಸಮಾಧಾನ ಮಾಡಿದರು.

"ಆ ಅರ್ಧದ ಲೆಕ್ಕ ಉಂಟಲ್ಲಾ, ಅದನ್ನು ಕಡೇವರೆಗೂ ಹೇಳ್ತಾ ಇದ್ರು" ಎಂದರು. "ತಾನೇ ಗುಣಿಸ್ಲಿಕ್ಕೆ ಮರ್ತದ್ದಂತೆ. ಅಷ್ಟು ಜಾಗ್ರತೆಯ ಜನ... ಅವರು ಹೇಗೆ ಮರೆತ್ರು ಅಂತ ನಂಗೆ ಇವತ್ತಿಗೂ ಗೊತ್ತಾಗುದಿಲ್ಲ."

ಅವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಒಮ್ಮೊಮ್ಮೆ ಹಾಗೆ ಆಗ್ತದೆ ಅಕ್ಕಾ" ಎಂದೆ.