ಯಾಕಮ್ಮ ಅಳೆಯದ ಚೌಕಟ್ಟು

ರೇಖಾಗಣಿತದಲ್ಲಿ ನಾನು ಫೇಲಾದದ್ದು ದಡ್ಡತನದಿಂದಲ್ಲ, ಗಿಳಿಪಾಠದಿಂದ. ಇದನ್ನು ಇವತ್ತಿಗೂ ಕೋಪ ಇಟ್ಟುಕೊಂಡೇ ಹೇಳುತ್ತೇನೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಹದಿನಾಲ್ಕು ಪ್ರಮೇಯಗಳನ್ನು ಬರೆಸಿ, "ಬಾಯಿಪಾಠ ಮಾಡ್ಕೊಳ್ಳಿ, ಇದರಲ್ಲೇ ಬರುತ್ತೆ" ಎಂದಿದ್ದರು. ಹದಿನಾಲ್ಕನ್ನೂ ಉರು ಹೊಡೆದೆ. ಪರೀಕ್ಷೆಯಲ್ಲಿ ತ್ರಿಭುಜವನ್ನು ತಲೆಕೆಳಗು ಮಾಡಿ, ಎಬಿಸಿ ಬದಲು ಪಿಕ್ಯೂಆರ್ ಎಂದು ಕೊಟ್ಟಿದ್ದರು, ಅಷ್ಟೇ. ನನ್ನ ಕೈ ನಿಂತುಹೋಯಿತು. ಫಲಿತಾಂಶದ ದಿನ ಅದೇ ಮೇಷ್ಟ್ರು ಅಪ್ಪನ ಮುಂದೆ, "ಹುಡುಗಿಗೆ ತಲೆಗೆ ಹತ್ತಲ್ಲ, ಬಿಡಿ" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಕಲಿಸಲಾರದ ಮೇಷ್ಟ್ರಿಗೆ ನನ್ನ ತಲೆ ಡೊಂಕು.

ಮರುಪರೀಕ್ಷೆಗೆ ಆರು ವಾರವಿತ್ತು. ಅಮ್ಮ ಅಪ್ಪನನ್ನು ಒಂದು ಮಾತೂ ಕೇಳದೆ ನನ್ನನ್ನು ಗಣಿತದ ಪಾಠಕ್ಕೆ ಚಿಕ್ಕಮ್ಮನ ಮನೆಗೆ ಕಳಿಸಿದಳು. ಅದು ನಮ್ಮ ಮನೆಯಲ್ಲಿ ಸಣ್ಣ ವಿಷಯವಲ್ಲ. ಚಿಕ್ಕಪ್ಪನ ಮನೆ ನಮ್ಮಿಂದ ಎಂಟನೆಯದು, ಆದರೆ ಹನ್ನೊಂದು ವರ್ಷದಿಂದ ಅಪ್ಪ ಆ ಕಡೆ ಮುಖ ಹಾಕಿರಲಿಲ್ಲ.

ಅಪ್ಪ, ಚಿಕ್ಕಪ್ಪ ಇಬ್ಬರೂ ಬಡಗಿಗಳು. ಚಿಕ್ಕಪ್ಪನಿಗೆ ಉಳಿ ಹಿಡಿಯಲು ಕಲಿಸಿದವನೇ ಅಪ್ಪ. ಆಸ್ಪತ್ರೆಯ ಔಷಧಿ ಕೋಣೆಗೆ ಅಪ್ಪ ಬಾಗಿಲ ಚೌಕಟ್ಟು ಮಾಡಿ ನಿಲ್ಲಿಸಿದ, ಚಿಕ್ಕಪ್ಪ ಅದರ ಕದ ಮಾಡಿದ. ಕೂರಿಸುವ ದಿನ ಕದ ಮೇಲ್ಗಡೆ ಸಿಕ್ಕಿಕೊಂಡಿತು. ಆಸ್ಪತ್ರೆಯವರೆಲ್ಲ ನೋಡುತ್ತಾ ನಿಂತಿದ್ದರು. ಅಪ್ಪ ಟೇಪು ಹಿಡಿದು ಚೌಕಟ್ಟನ್ನು ಅಳೆದ. "ಚೌಕಟ್ಟು ಸರಿಯಾಗಿದೆ. ಕದ ಸೊಟ್ಟ, ನೋಡಿದ್ರೇ ಗೊತ್ತಾಗುತ್ತೆ" ಎಂದು ಅಷ್ಟು ಜನರ ಮುಂದೆ ಹೇಳಿದ. ನಮ್ಮ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು: ಹಿರಿಯರು ಅಳೆದದ್ದರ ಮೇಲೆ ಕಿರಿಯರು ಮತ್ತೆ ಟೇಪು ಹಾಕಬಾರದು. ಚಿಕ್ಕಪ್ಪ ಹಾಕಲಿಲ್ಲ. ಕದದ ಮೇಲ್ಭಾಗವನ್ನು ಎರಡೂ ಕಡೆ ಉಜ್ಜಿ, ಕೂರಿಸಿ, ಸಾಮಾನು ಎತ್ತಿಕೊಂಡು ಹೋದವನು ಅಂಗಡಿಗೆ ಮರಳಲಿಲ್ಲ. ಸೊಟ್ಟ ಕದದವನು ಎಂಬ ಹೆಸರು ಊರಿಡೀ ಅವನ ಹಿಂದೆ ನಡೆಯಿತು. ಆಮೇಲೆ ಒಂದು ಕಾರ್ಖಾನೆ ಸೇರಿ ಸರಕು ತುಂಬುವ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆದುಕೊಂಡಿದ್ದ. ಅವನು ಮತ್ತೆ ಒಂದು ಕದ ಮಾಡಿದ್ದನ್ನು ನೋಡಬೇಕು ಎಂಬುದೊಂದೇ ಚಿಕ್ಕಮ್ಮನ ಆಸೆ. ಅವನು ಮರ ಮುಟ್ಟುತ್ತಿದ್ದನೇ ಹೊರತು ಬಾಗಿಲು ಎಂಬ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಚಿಕ್ಕಮ್ಮನಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಯಾಕಮ್ಮ. ಯಾವುದೋ ಶಾಲೆಯಲ್ಲಿ ನಾಲ್ಕು ವರ್ಷ ಗಣಿತ ಹೇಳಿ, ಮುಖ್ಯೋಪಾಧ್ಯಾಯರ ಲೆಕ್ಕದಲ್ಲೇ ತಪ್ಪು ತೋರಿಸಿ ಬಿಟ್ಟುಬಂದವಳು. ಸಿಟ್ಟು ಮೂಗಿನ ತುದಿಯಲ್ಲೇ. ಅಡುಗೆಮನೆಯ ಪಕ್ಕದ ಉದ್ದನೆಯ ಕೋಣೆಯಲ್ಲಿ ಬೀದಿಯ ಮಕ್ಕಳಿಗೆಲ್ಲ ಪಾಠ ನಡೆಯುತ್ತಿತ್ತು. ಬೋರ್ಡು ಎಂದರೆ ಚಿಕ್ಕಪ್ಪ ಅರ್ಧಕ್ಕೆ ಬಿಟ್ಟ ಇನ್ನೊಂದು ಕದ, ಕಪ್ಪು ಬಣ್ಣ ಬಳಿದು ಗೋಡೆಗೆ ಒರಗಿಸಿದ್ದು.

ಮೊದಲ ದಿನ ನನ್ನ ಪುಸ್ತಕ ತೆಗೆದು ನೋಡಿದಳು. "ಚಿತ್ರದಲ್ಲಿ ಕಾಣುವಂತೆ ಎರಡೂ ಕೋನಗಳು ಸಮ" ಎಂದು ನಾನು ಬರೆದಿದ್ದ ಹಾಳೆಯನ್ನು ಪರ್ರನೆ ಹರಿದಳು.

"ಯಾರಿಗೆ ಕಾಣುತ್ತೆ?"

"ನಂಗೆ ಚಿಕ್ಕಮ್ಮ."

"ನಿನ್ನ ಕಣ್ಣನ್ನ ಕೋರ್ಟಲ್ಲಿ ಸಾಕ್ಷಿಗೆ ನಿಲ್ಲಿಸ್ತೀಯಾ? ಕಂಡಿದ್ದಕ್ಕೆ ಇಲ್ಲಿ ಮಾರ್ಕ್ಸ್ ಇಲ್ಲ. ಯಾಕೆ ಅನ್ನೋದಕ್ಕೆ ಮಾತ್ರ."

ಆಗ ಅವಳ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಅವಳು ಕಲಿಸಿದ್ದು ಕೈಗೆ ಹತ್ತಿತು. ಲೆಕ್ಕ ಓದಿದ ಕೂಡಲೇ ಪೆನ್ನು ಮುಟ್ಟುವಂತಿರಲಿಲ್ಲ. ಕೊಟ್ಟಿರುವುದೇನು, ಸಾಧಿಸಬೇಕಾದದ್ದೇನು, ಎರಡನ್ನೂ ನಮ್ಮ ಮಾತಿನಲ್ಲಿ ಬಾಯಿಬಿಟ್ಟು ಹೇಳಬೇಕು. ಚಿತ್ರ ಚೆಂದವಾಗಿ ಬರೆದರೆ ಬೈಗುಳ. ಯಾವುದೋ ಒಂದು ತ್ರಿಭುಜ ಎಂದರೆ ಅದು ಅಡ್ಡಾದಿಡ್ಡಿಯಾಗಿಯೇ ಇರಬೇಕು, ಎರಡು ಬಾಹು ಸಮವಾಗಿ ಕಂಡರೆ ನಮಗೇ ಗೊತ್ತಿಲ್ಲದೆ ಅದನ್ನು ನಂಬಿಬಿಡುತ್ತೇವೆ ಎನ್ನುತ್ತಿದ್ದಳು. ಕೊಟ್ಟಿದ್ದಕ್ಕೆ ಮಾತ್ರ ಗುರುತು ಹಾಕಬೇಕು. ದಾರಿ ಕಾಣದಿದ್ದರೆ ಕೊನೆಯಿಂದ ಹಿಂದಕ್ಕೆ ಬರಬೇಕು: ಈ ಕೋನಗಳು ಸಮ ಆಗಬೇಕಾದರೆ ಏನು ಗೊತ್ತಿರಬೇಕು, ಅದು ಗೊತ್ತಾಗಬೇಕಾದರೆ ಅದಕ್ಕೂ ಹಿಂದೆ ಏನು. ದಿನಕ್ಕೊಂದು ಪ್ರಮೇಯ, ಅದನ್ನೇ ಅಕ್ಷರ ಬದಲಿಸಿ, ಚಿತ್ರ ತಿರುಗಿಸಿ ಮೂರು ಸಲ. ಸಾಧಿಸಬೇಕಾದದ್ದನ್ನೇ ಕಾರಣ ಎಂದು ಬರೆದವರಿಗೆ, "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತೀಯಲ್ಲೇ" ಎಂದು ತಲೆಗೆ ಮೊಟಕುತ್ತಿದ್ದಳು. ಕೊನೆಗೆ ಪುಸ್ತಕ ಮುಚ್ಚಿ, ಗಣಿತವೇ ಗೊತ್ತಿಲ್ಲದ ಯಾರಿಗಾದರೂ ಅದನ್ನು ಹೇಳಬೇಕು. ನಾನು ಚಿಕ್ಕಪ್ಪನಿಗೆ ಹೇಳುತ್ತಿದ್ದೆ. ಅವನು ಊಟದ ತಟ್ಟೆಯಿಂದ ತಲೆಯೆತ್ತದೆ ಕೇಳುತ್ತಿದ್ದ, ಎಡವಿದ ಕಡೆ ಮಾತ್ರ "ಹೂಂ?" ಎನ್ನುತ್ತಿದ್ದ.

ನಾಲ್ಕನೆಯ ವಾರ ಬೋರ್ಡಿನ ಮೇಲೆ ಒಂದು ಹೇಳಿಕೆ ಬರೆದಳು: ಚತುರ್ಭುಜದ ಎರಡು ಕರ್ಣಗಳು ಸಮವಾದರೆ ಅದು ಆಯತ. ಸರಿಯೋ ತಪ್ಪೋ?

ನಾನು ಎದೆಯುಬ್ಬಿಸಿ ಎದ್ದೆ. "ಸರಿ. ಅಪ್ಪ ಚೌಕಟ್ಟು ನೋಡೋದೇ ಹಾಗೆ. ಮೂಲೆಯಿಂದ ಮೂಲೆಗೆ ಟೇಪು ಹಿಡೀತಾನೆ. ಎರಡೂ ಒಂದೇ ಬಂದ್ರೆ ಮುಗೀತು."

ಯಾಕಮ್ಮನ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು.

"ಕರ್ಣ ಮಾತ್ರಾನಾ? ಮೇಲೊಂದು ಸಲ, ಕೆಳಗೊಂದು ಸಲ ಅಗಲ ಅಳೆಯಲ್ವಾ?"

"ಮರ ಕೊಯ್ಯೋವಾಗಲೇ ಅಳೆದಿರ್ತೀವಲ್ಲ, ಮತ್ತೆ ಯಾಕೆ ಅಂತಾನೆ."

ಅವಳು ತಿರುಗಿ ಬೋರ್ಡಿನ ಮೇಲೆ ಒಂದು ಆಕೃತಿ ಬರೆದಳು. ಕೆಳಗೆ ಅಗಲ, ಮೇಲೆ ಕಿರಿದು, ಎರಡೂ ಪಕ್ಕ ಒಂದೇ ಉದ್ದ. ಎರಡು ಕರ್ಣಗಳನ್ನು ಎಳೆದಳು. ಅಳೆದು ನೋಡು ಎಂದಳು. ಎರಡೂ ಒಂದೇ. ಮೂಲೆಗಳಲ್ಲಿ ಒಂದೂ ಲಂಬಕೋನವಾಗಿರಲಿಲ್ಲ. ಪಾಠ ಅಲ್ಲಿಗೇ ನಿಂತಿತು. ಉಳಿದ ಮಕ್ಕಳನ್ನು ಮನೆಗೆ ಕಳಿಸಿ, ಚಿಕ್ಕಪ್ಪನ ಹಳೆಯ ಟೇಪು ತೆಗೆದುಕೊಂಡು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟಳು. ನಾನು ಹಿಂದೆ ಓಡಿದೆ.

ಆಸ್ಪತ್ರೆಯಲ್ಲಿ ಔಷಧಿ ಕೋಣೆಯ ಕಾಂಪೌಂಡರು, "ಏನಮ್ಮಾ, ಬಾಗಿಲು ಕದಿಯೋಕೆ ಬಂದ್ರಾ?" ಎಂದು ನಕ್ಕ. ಅವಳು ಟೇಪು ಬಿಚ್ಚಿದಳು. ಕೆಳಗೆ ನಾನು ಟೇಪಿನ ತುದಿ ಹಿಡಿದೆ. ಮೂವತ್ತೊಂಬತ್ತು ಅಂಗುಲ. ಸ್ಟೂಲು ಹತ್ತಿ ಮೇಲೆ ಅಳೆದೆವು. ಮೂವತ್ತೆಂಟೂವರೆ. ಕರ್ಣಗಳನ್ನು ಅಳೆದೆವು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅಲ್ಲಿಂದ ನೇರ ಅಪ್ಪನ ಅಂಗಡಿ. ಹನ್ನೊಂದು ವರ್ಷದ ಮೇಲೆ ಆ ಹೊಸ್ತಿಲು ದಾಟಿದವಳು ಕುಳಿತುಕೊಳ್ಳಲಿಲ್ಲ.

"ಭಾವ, ಆಸ್ಪತ್ರೆ ಚೌಕಟ್ಟಿನ ಮೇಲಿನ ಪಟ್ಟಿ ಅರ್ಧ ಅಂಗುಲ ಗಿಡ್ಡ. ಕೊಯ್ದಿದ್ದು ನೀವು."

"ನಾನು ಅಳೆದಿದ್ದೆ."

"ಮೂಲೆಯಿಂದ ಮೂಲೆಗೆ ಅಳೆದಿದ್ರಿ. ಅದು ಸಾಲಲ್ಲ. ನಿಮ್ಮ ಮಗಳು ಈಗ ಅದನ್ನ ಸಾಧಿಸಿ ತೋರಿಸ್ತಾಳೆ, ಕೂತು ಕೇಳಿ. ನೋಡಿದ್ರೇ ಗೊತ್ತಾಗುತ್ತೆ ಅಂದ್ರಲ್ಲ ಅವತ್ತು, ಏನು ಗೊತ್ತಾಯ್ತು ನಿಮಗೆ? ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ ದೊಡ್ಡೋರು. ನೀವು ತಮ್ಮನ ಬದುಕನ್ನೇ ಕಣ್ಣಳತೆಯಲ್ಲಿ ಕೊಯ್ದುಬಿಟ್ರಿ."

ನಾನು ಮರದ ಪುಡಿಯ ಮೇಲೆ ಬೆರಳಿನಿಂದ ಆ ಆಕೃತಿ ಬರೆದೆ. ಕರ್ಣ ಎರಡೂ ಸಮವಾದರೂ ಅದು ಆಯತವಾಗದ್ದು ಯಾಕೆ ಎಂದು ಸಾಲುಸಾಲಾಗಿ, ಸಿಟ್ಟಿನಿಂದಲೇ ಹೇಳಿದೆ.  ಅಪ್ಪ ಟೇಪು ತೆಗೆದುಕೊಂಡು ಒಬ್ಬನೇ ಆಸ್ಪತ್ರೆಯ ಕಡೆ ನಡೆದ.

ಸಂಜೆ ಅವನು ಚಿಕ್ಕಪ್ಪನ ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ಕೂರು ಎಂದರೂ ಕೂರಲಿಲ್ಲ. "ಅರ್ಧ ಅಂಗುಲ ಕಣೋ" ಎಂದ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಅಪ್ಪ ಎಂದು ನಾನು ಅದನ್ನು ಮುಚ್ಚಿಡುವುದಿಲ್ಲ. ಚಿಕ್ಕಪ್ಪ "ಬಿಡಣ್ಣ" ಎಂದ. ಅಪ್ಪ ಹೊರಟುಹೋದ.

ಯಾಕಮ್ಮ ಕೆಂಡವಾದಳು. "ಬಿಡಣ್ಣ ಅಂದ್ರೆ ಆಯ್ತೇನ್ರೀ? ಹನ್ನೊಂದು ವರ್ಷ ನಿಮ್ಮನ್ನ ನಂಬಲಿಲ್ಲ ಅವರು. ನಾಲ್ಕು ಮಾತು ಅನ್ನೋಕೆ ಏನಾಗಿತ್ತು ನಿಮಗೆ?"

ಚಿಕ್ಕಪ್ಪ ಅವಳನ್ನು ನೋಡಿದ. ಅವನ ಮುಖದಲ್ಲಿ ನಾನು ಕೋಪ ಕಂಡದ್ದು ಅದೇ ಮೊದಲು.

"ಅಣ್ಣ ನಂಬದೆ ಇದ್ದಿದ್ದು ಬೇರೆ. ನನ್ನ ಕದ ಸರಿ ಇತ್ತು ಅಂತ ಅವತ್ತು ರಾತ್ರಿನೇ ನಿಂಗೆ ಹೇಳಿದ್ದೆ. ನೀನು ಏನಂದೆ?"

ಉತ್ತರವನ್ನೂ ಅವನೇ ಹೇಳಿದ.

"ಹೋಗ್ಲಿ ಬಿಡಿ, ಒಂದೊಂದ್ಸಲ ಎಲ್ಲರ ಕೈಯೂ ತಪ್ಪುತ್ತೆ ಅಂದೆ. ಊರ ಮಕ್ಕಳಿಗೆಲ್ಲ ಸಾಲುಸಾಲಿಗೂ ಯಾಕೆ ಅಂತ ಕೇಳ್ತೀಯ. ಆ ಬಾಗಿಲ ಮುಂದೆ ಎಷ್ಟು ಸಲ ಓಡಾಡಿದೀಯ, ಟೇಪು ಮನೇಲೇ ಇತ್ತು. ಒಂದು ದಿನ ಅಳೀಲಿಲ್ಲ ನೀನು. ಯಾಕೆ?"

 ಯಾಕಮ್ಮ ಗೋಡೆಗೆ ಒರಗಿದ್ದ ಕಪ್ಪು ಕದದ ಮುಂದೆ ಹೋಗಿ ನಿಂತಳು. ಟೇಪಿಗೆಂದು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು. ಅಂಗೈಯಿಂದಲೇ ಬೋರ್ಡನ್ನು ಪೂರಾ ಒರೆಸಿದಳು.

ನಾನು ಮರುಪರೀಕ್ಷೆ ಪಾಸಾದೆ. ಅದನ್ನು ಹೇಳಲು ಹೋದ ದಿನ ಗೋಡೆಯ ಹತ್ತಿರ ಬೋರ್ಡಿರಲಿಲ್ಲ. ಹಿತ್ತಲಲ್ಲಿ ಚಿಕ್ಕಪ್ಪ ಅದರ ಕಪ್ಪು ಬಣ್ಣವನ್ನು ಕೆರೆದು ತೆಗೆಯುತ್ತಿದ್ದ. ಕೆಳಗಿನಿಂದ ಹಳದಿ ಮರ ಕಾಣತೊಡಗಿತ್ತು. ಯಾಕಮ್ಮ ಕದದ ಇನ್ನೊಂದು ತುದಿಯನ್ನು ಅಲುಗಾಡದಂತೆ ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು.