ಅಣ್ಣ ಹೊತ್ತ ನನ್ನ ಮಾತು

ಸೀನು, ನಿನ್ನನ್ನು ಈ ಮನೆಯಿಂದ ಆಚೆ ಇಟ್ಟವರು ನಿಮ್ಮಪ್ಪ ಅಲ್ಲ. ನಾನು.

ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ನಿನಗೆ ಹೇಳಿದೆನಲ್ಲ ಒಂದು ಮಾತು — ಅದನ್ನು ಅವರು ಹೇಳಿ ಕಳಿಸಿರಲಿಲ್ಲ. ಬಾಯಿ ತಪ್ಪಿ ಬಂದದ್ದೂ ಅಲ್ಲ, ಗಾಬರಿಯಲ್ಲಿ ಆಡಿದ್ದೂ ಅಲ್ಲ. ತಿಳಿದೇ ಹೇಳಿದೆ. ಹೇಳಿದ ಮೇಲೆ ನನ್ನ ಎದೆ ತಣ್ಣಗಾಯಿತು — ಅದನ್ನೂ ಮುಚ್ಚಿಡುವುದಿಲ್ಲ.

ನಿನ್ನ ತಾಯಿ ಹೋದಾಗ ನೀನಿನ್ನೂ ತೆವಳುತ್ತಿದ್ದೆ. ನಾನೂ ಲಂಗದ ಹುಡುಗಿಯೇ. ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡೇ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ. ನಿಮ್ಮಪ್ಪನಿಗೆ, ನನ್ನ ಅಣ್ಣನಿಗೆ, ಮನೆ ನೋಡಿಕೊಳ್ಳಲು ನಾನು ಬೇಕಿತ್ತು, ನಿನಗೂ ಬೇಕಿತ್ತು — ಹಾಗಾಗಿ ಓರಗೆಯವರೆಲ್ಲ ಗಂಡನ ಮನೆಗೆ ಹೋದರೂ ನನ್ನ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ.

ಆಗ ನಮ್ಮ ಮನೆಗೆ ರೇಷ್ಮೆ ಗೂಡು ಕೊಳ್ಳಲು ಹುತ್ತೂರಿನಿಂದ ಮುನಿರಾಜು ಎಂಬ ಹುಡುಗ ಬರುತ್ತಿದ್ದ. ನಿನಗೆ ನೆನಪಿದೆಯೋ ಇಲ್ಲವೋ — ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹುಣಿಸೆ ತೋಪಿನವರೆಗೆ ಓಡುತ್ತಿದ್ದ. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ಕೇಳುತ್ತಿದ್ದ, ಒಳಗಿನ ಹುಳ ಮಾತಾಡಿತೇನೋ ಎಂಬಂತೆ ನಗುತ್ತಿದ್ದ. ಒಂದು ಬೆಳೆಯಿಂದ ಇನ್ನೊಂದು ಬೆಳೆಯವರೆಗೆ ನಾನು ಆ ನಗುವಿಗಾಗಿ ಕಾಯತೊಡಗಿದೆ. ನಾವು ಆಡಿದ ಮಾತು ಹೆಚ್ಚಿಲ್ಲ. ಒಂದು ಸಲ ಮಾತ್ರ, ಅಂಗಳದಲ್ಲಿ ಗೂಡು ಆರಿಸುತ್ತಿದ್ದಾಗ, ತಲೆ ಎತ್ತದೆ ಹೇಳಿದ: "ಈ ಬೆಳೆ ಮುಗೀಲಿ ಲಕ್ಷ್ಮೀ. ನಿಮ್ಮಣ್ಣನ್ನ ಕೇಳ್ತೀನಿ. ನಿಂಗೆ ಒಪ್ಗೆ ತಾನೆ?"

ನಾನು ಹೂಂ ಎಂದೆ. ಅಷ್ಟೇ ನನ್ನ ಪ್ರೇಮ. ಆದರೆ ಆ ಒಂದು ಹೂಂ ಎನ್ನುವುದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತು ಎಂದು —

ಅವನು ಅಣ್ಣನನ್ನು ಕೇಳಿದ. ನಾನು ಆ ದಿನ ಹೊಲದಲ್ಲಿದ್ದೆ. ಬಂದಾಗ ಅಣ್ಣ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. "ಆ ಹುತ್ತೂರಿನೋನು ಇನ್ನು ಬರಲ್ಲ. ಎಲ್ಲೋ ಹೆಣ್ಣು ಗೊತ್ತಾಗೈತಂತೆ" ಎಂದರು. ನಾನು ನಂಬಿದೆ. ಮೋಸ ಹೋದೆ ಎಂದು ಅವನನ್ನೇ ಶಪಿಸಿದೆ. ಅದೇ ವರ್ಷ ಶ್ರೀನಿವಾಸಪುರದ ಕಡೆಯ ಒಬ್ಬರಿಗೆ ನನ್ನನ್ನು ಕೊಟ್ಟರು. ಆತ ಮೊದಲೇ ಕಾಯಿಲೆಯ ಮನುಷ್ಯ. ಹೆಚ್ಚು ದಿನ ಬಾಳಲಿಲ್ಲ. ಬರಿ ಹಣೆಯಲ್ಲಿ ಇದೇ ಮನೆಗೆ ಹಿಂತಿರುಗಿದೆ. ನೀನು ಬಾಗಿಲಿಗೆ ಓಡಿ ಬಂದು ನನ್ನ ಸೊಂಟ ತಬ್ಬಿಕೊಂಡೆ.

ಅದಾದ ಮೇಲೆ ಒಂದು ಸಂತೆಯ ದಿನ ಮುಳಬಾಗಿಲಿನಲ್ಲಿ ಮುನಿರಾಜುವಿನ ಅಕ್ಕ ಸಿಕ್ಕಳು. ನಾನೇ ಮಾತನಾಡಿಸಿದೆ. ತಮ್ಮ ಹೇಗಿದ್ದಾನೆ ಎಂದು ಕೇಳಿದೆ. ಅವಳು ನನ್ನ ಹಣೆಯನ್ನು ನೋಡಿದಳು, ಮುಖ ತಿರುಗಿಸಿದಳು, ಮತ್ತೆ ತಡೆಯಲಾರದೆ ಹೇಳಿದಳು: "ನುವ್ವೇ ವದ್ದನ್ನಾವಂಟ ಕದಮ್ಮಾ, ಇಪ್ಪುಡೇಂ ಅಡುಗುತಾವು?" ನೀನೇ ಬೇಡವೆಂದೆಯಂತೆ, ಈಗೇನು ಕೇಳುತ್ತೀಯ! ಅಣ್ಣ ಅವನಿಗೆ ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದಳು: "ನನ್ನ ತಂಗಿ ನಿನ್ನ ಮುಖ ನೋಡಲ್ಲ ಅಂದವ್ಳೆ. ಇನ್ನೊಂದ್ಸಲ ಈ ಹೊಸ್ಲು ತುಳೀಬ್ಯಾಡ." ಮುನಿರಾಜು ಆ ವಾರವೇ ಮದರಾಸಿಗೆ ಹೋದನಂತೆ. ಹೋದವನು ತಿರುಗಿ ಬಂದಿಲ್ಲ, ಇದ್ದಾನೋ ಇಲ್ಲವೋ ತಾಯಿಗೂ ಗೊತ್ತಿಲ್ಲ.

ಮನೆಗೆ ಬಂದು ಅಣ್ಣನಿಗೆ ಮುದ್ದೆ ಬಡಿಸಿದೆ. ಏನೂ ಕೇಳಲಿಲ್ಲ. ಕೇಳಿದ್ದರೆ ಜಾತಿ ಬೇರೆ ಎನ್ನುತ್ತಿದ್ದರು, ನಿನ್ನ ಒಳ್ಳೆಯದಕ್ಕೇ ಎನ್ನುತ್ತಿದ್ದರು, ನಾನು ಅತ್ತು ಸುಮ್ಮನಾಗಬೇಕಿತ್ತು. ಅಳುವುದು ನನಗೆ ಬೇಡವಾಗಿತ್ತು. ಅವರಿಗೂ ಒಂದು ದಿನ ಯಾರಾದರೂ ತೀರ ಬೇಕಾಗಬೇಕು, ಆ ದಿನ ಅವರ ಮಾತನ್ನು ಒಯ್ಯುವ ಕೆಲಸ ನನ್ನ ಕೈಗೆ ಸಿಗಬೇಕು — ಹಾಗೆಂದುಕೊಂಡು ಬದುಕಿದೆ. ನಿನ್ನನ್ನು ಬೆಳೆಸಿದ್ದೂ ಅದೇ ಕೈಯಲ್ಲಿ. ಆಗ ಆ ದಿನ ನಿನ್ನ ರೂಪದಲ್ಲಿ ಬರುತ್ತದೆಂದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಬೆಳೆಸುತ್ತಿರಲಿಲ್ಲವೇ? ಬೆಳೆಸುತ್ತಿದ್ದೆ. ಆಮೇಲೆ ಇದನ್ನೂ ಮಾಡುತ್ತಿದ್ದೆ.

ಯುದ್ಧದ ಕಾಲದಲ್ಲಿ ರೇಷ್ಮೆಗೆ ಒಳ್ಳೆಯ ಕಾಲ ಬಂತು. ಅಣ್ಣ ಮನೆಗೆ ಹೆಂಚು ಹೊದಿಸಿದರು. ಆಗಲೇ ನೀನು ಮಾಲೂರಿನಲ್ಲಿ ಸರೋಜಳನ್ನು ನೋಡಿದ್ದು, ಜಾತಿ ಬೇರೆಯೆಂದು ಅಪ್ಪ ಒಪ್ಪದಿದ್ದಾಗ ಜಗಳವಾಡಿ ಹೋಗಿ ಅವಳನ್ನು ಮದುವೆಯಾಗಿದ್ದು. ಮಾರನೆಯ ವರ್ಷ ನೀನು, ಸಂತೆಯ ದಿನ ಮುಳಬಾಗಿಲಿಗೆ ಬರುತ್ತೇವೆ, ಅಪ್ಪನ ಮನಸ್ಸು ತಿಳಿದುಕೊಂಡು ಅತ್ತೆ ಬರಲಿ ಎಂದು ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದೆ.

ನಾನು ನಡುಮನೆಯಲ್ಲಿ ಅಣ್ಣನಿಗೆ ತಿಳಿಸಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಅತ್ತರು, ಸೀನು. ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು ಹೇಳಿದರು: "ಹೋಗಿ ಕರ್ಕೊಂಡು ಬಾರಮ್ಮ. ಆ ಹೆಣ್ಣನ್ನೂ ಕರ್ಕೊಂಡು ಬಾ. ಜಾತಿ ಗೀತಿ ಅಂತ ಕುಂತ್ರೆ ಆಯ್ತದಾ? ಮಕ್ಳ ಮನಸ್ಸು ಮುಖ್ಯ ಅಲ್ವಾ?"

ಮಕ್ಕಳ ಮನಸ್ಸು! ನನ್ನೊಳಗೆ ಏನೋ ಧಗ್ಗೆಂದು ಹತ್ತಿತು. ತಂಗಿಗೆ ಇಲ್ಲದ ಮನಸ್ಸು ಮಗನಿಗೆ ಇತ್ತು. ತಂಗಿಗೆ ಅಡ್ಡ ಬಂದ ಜಾತಿ ಮಗನಿಗೆ ಅಡ್ಡವಿರಲಿಲ್ಲ. ಅವರು ಆಗಲೇ ಆಳನ್ನು ಕರೆದು, ಒಳಕೋಣೆಗೆ ಸುಣ್ಣ ಬಳಿಸಲು ಹೇಳುತ್ತಿದ್ದರು.

ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಕೆಮ್ಮುತ್ತ ಮುಳಬಾಗಿಲು ಮುಟ್ಟುವವರೆಗೂ ನಾನು ಹಿಂದೆಮುಂದೆ ನೋಡಿದೆ — ಎನ್ನಲೇ? ಇಲ್ಲ. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ. ನೀನು ಅರಳಿಮರದ ನೆರಳಿನಲ್ಲಿ ನಿಂತಿದ್ದೆ. ಸರೋಜ ಬಸುರಿ. ನನ್ನನ್ನು ಕಂಡವಳೇ, ಆ ಹೊಟ್ಟೆಯಲ್ಲೂ ಕಷ್ಟಪಟ್ಟು ಬಗ್ಗಿ ಕಾಲು ಮುಟ್ಟಿದಳು.

"ಅತ್ತೆ, ಅಪ್ಪ ಏನಂದ್ರು?" ಎಂದೆ ನೀನು.

"ನಿನ್ನ ಮುಖ ನೋಡಲ್ಲ ಅಂದವ್ರೆ ಕಣೋ. ಇನ್ನೊಂದ್ಸಲ ಈ ಹೊಸ್ಲು ತುಳೀಬ್ಯಾಡ ಅಂದ್ರು."

ನಿನ್ನ ಮುಖ ನೋಡಿದೆ. ಮುನಿರಾಜುವಿನ ಮುಖ ಅಂದು ಹೇಗಿದ್ದಿರಬಹುದೆಂದು ಆಗ ತಿಳಿಯಿತು. ಆಗಲೂ ನಾಲಿಗೆ ಹಿಂದೆಗೆಯಲಿಲ್ಲ. ಊರಿಗೆ ಬಂದು ಅಣ್ಣನಿಗೂ ಹೇಳಿದೆ: "ಅವ್ನು ಬರಲ್ವಂತೆ. ಅಪ್ಪ ಸತ್ತ ಅಂದ್ಕೊಂಡಿದೀನಿ ಅಂದ." ಅವರು ಹಸಿ ಸುಣ್ಣದ ವಾಸನೆಯಿದ್ದ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಒಲೆ ಹಚ್ಚಿದೆ. ಅಂದು ನನಗೆ ಚೆನ್ನಾಗಿ ಹಸಿವಾಗಿತ್ತು.

ಅಲ್ಲಿಂದ ಮುಂದಿನ ವರ್ಷಗಳನ್ನು ನೀನು ಮಾಲೂರಿನಲ್ಲಿ ಕಳೆದೆ. ಇಲ್ಲಿ ನಿಮ್ಮಪ್ಪ ಬಸ್ಸಿನ ಸದ್ದಾದಾಗಲೆಲ್ಲ ಜಗಲಿಗೆ ಬಂದು ನಿಲ್ಲುತ್ತಿದ್ದರು. ಕಣ್ಣಿಗೆ ಪೊರೆ ಬಂತು. ಆಮೇಲೆ ಬಸ್ಸೂ ಕಾಣದಾಯಿತು, ಆದರೂ ನಿಲ್ಲುತ್ತಿದ್ದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ನೋಡುತ್ತ ಕೂತಿದ್ದೆ.

ಯಾರೋ ಹೇಳಿ, ಅಪ್ಪ ಹಾಸಿಗೆ ಹಿಡಿದಿದ್ದಾರೆಂದು ಗೊತ್ತಾಗಿ, ನೀನು ಹೆಂಡತಿ ಮಗಳ ಜೊತೆ ಬಂದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಅವರು ಮೊಮ್ಮಗಳ ಮುಖವನ್ನು ಕೈಯಲ್ಲಿ ತಡವಿ ತಡವಿ ನೋಡಿದರು — ಹಣೆ, ಮೂಗು, ಕಿವಿಯ ಓಲೆ. ಅವಳನ್ನು ಅವರು ಒಂದು ಸಲವೂ ಕಣ್ಣಲ್ಲಿ ಕಾಣಲಿಲ್ಲ. ಅದನ್ನು ಕಿತ್ತುಕೊಂಡವಳು ನಾನು.

ಆಗ ನೀನು ಬಿಕ್ಕುತ್ತ ಕೇಳಿದೆ: "ಮುಖ ನೋಡಲ್ಲ, ಹೊಸ್ಲು ತುಳೀಬ್ಯಾಡ ಅಂತ ಹೇಳಿ ಕಳ್ಸಿದ್ಯಲ್ಲಪ್ಪಾ. ಹೆಂಗ್ ಮನಸ್ಸು ಬಂತು?"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಎಲ್ಲ ಮುಗಿಯಿತು ಎಂದುಕೊಂಡೆ. ಅಣ್ಣನ ಕೈ ಮೊಮ್ಮಗಳ ತಲೆಯ ಮೇಲೆ ಹಾಗೇ ನಿಂತಿತು. ಆ ಮಾತು ಎಲ್ಲಿಯದು, ಯಾರದು ಎಂದು ಅವರಿಗೆ ಗೊತ್ತಾಗದೆ ಇದ್ದೀತೇ! ಕಾಣದ ಕಣ್ಣನ್ನು ನಾನಿದ್ದ ಕಡೆ ತಿರುಗಿಸಿದರು. ಆಮೇಲೆ ಹೇಳಿದರು: "ಹೂಂ ಕಣೋ. ನಾನೇ ಹೇಳಿದ್ದೆ. ಕೆಟ್ಟ ಕೋಪ ನಂದು. ಹೊಟ್ಟೆಗೆ ಹಾಕ್ಕೊಂಬಿಡು."

ಸಂಜೆ ಗಂಜಿ ಕುಡಿಸುವಾಗ ನಾವಿಬ್ಬರೇ ಇದ್ದೆವು. ಮೆಲ್ಲಗೆ ಕೇಳಿದರು: "ನಿನ್ ಸಿಟ್ಟು ತೀರ್ತೇನಮ್ಮಾ?"

"ಇಲ್ಲ ಅಣ್ಣಾ" ಎಂದೆ.

ಮತ್ತೆ ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಹೋದರು.

ನೀವು ಇಲ್ಲೇ ಉಳಿದಿರಿ. ಸರೋಜ ನನ್ನನ್ನು ತಾಯಿಯಂತೆ ನೋಡಿಕೊಂಡಳು. ಬಂದವರೆದುರು ನೀನು ಹೇಳುತ್ತಿದ್ದೆ — ಅಪ್ಪ ಕಲ್ಲು, ಅತ್ತೆಯೊಬ್ಬಳೇ ನಮಗಾಗಿ ಬಂದದ್ದು ಎಂದು. ನಾನು ತಡೆಯಲಿಲ್ಲ. ಸತ್ತ ಮೇಲೂ ಅವರಿಗೆ ನಿನ್ನ ಬಾಯಲ್ಲಿ ಏಟು ಬೀಳುತ್ತಿತ್ತು, ಅದು ನನಗೆ ಹಿತವಾಗಿತ್ತು. ಮೊನ್ನೆ ಹುಟ್ಟಿದ ಮಗನಿಗೆ ತಾತನ ಹೆಸರಿಡು ಎಂದು ನೆಂಟರು ಹೇಳಿದಾಗ ನೀನು, "ನನ್ ಮುಖ ನೋಡಲ್ಲ ಅಂದೋರ ಹೆಸ್ರು ನನ್ ಮಗನಿಗ್ಯಾಕೆ?" ಎಂದೆ. ನನಗೆ ನಗು ಬಂತು. ನಿಜವಾಗಿ ನಗು ಬಂತು. ಆ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವಾಗ ನನಗೆ ನನ್ನ ಮೇಲೆ ಭಯವಾಯಿತು — ಇದು ಇನ್ನು ಆ ತೊಟ್ಟಿಲಿನ ಕೂಸಿನವರೆಗೂ ಹೋಗುತ್ತದಲ್ಲ ಎಂದು.

ಅಣ್ಣನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನನ್ನ ಬದುಕನ್ನು ಒಂದು ಸುಳ್ಳಿನಲ್ಲಿ ಮುಗಿಸಿದವರು ಅವರು. ಆದರೆ ನನಗೂ ಅವರಿಗೂ ಇದ್ದ ಲೆಕ್ಕದಲ್ಲಿ ನಿನ್ನ ಪಾಲು ಏನೂ ಇರಲಿಲ್ಲ. ಸರೋಜಳದ್ದಂತೂ ಇರಲೇ ಇಲ್ಲ. ನಿನ್ನ ಅಪ್ಪನನ್ನು ನಿನ್ನಿಂದ ಎರಡು ಸಲ ಕಿತ್ತುಕೊಂಡೆ — ಬದುಕಿದ್ದಾಗ ಒಮ್ಮೆ, ಸತ್ತ ಮೇಲೆ ಒಮ್ಮೆ.

ಇದನ್ನು ಸರೋಜಳ ಎದುರಿಗೂ ಹೇಳುತ್ತೇನೆ. ಅವಳು ಒಳಗೆ ಮಗುವಿಗೆ ಹಾಲು ಕೊಡುತ್ತಿದ್ದಾಳೆ, ಕರೆ. ಹೆಸರಿಡುವ ದಿನ ನಾನು ಈ ಮನೆಯಲ್ಲಿರಬೇಕೋ ಬೇಡವೋ, ನೀವಿಬ್ಬರೂ ಹೇಳಿ. ಹೋಗು ಎಂದರೆ ಹೋಗುತ್ತೇನೆ. ಇರು ಎಂದರೂ, ಇನ್ನು ಮೇಲೆ ಅವಳು ನನ್ನ ಕಾಲು ಮುಟ್ಟುವುದು ಬೇಡ.